ಅಮ್ಮಾರ ಕಣ್ಣಿನ ನಳಿಕೆ

ಹೋದ ರಜೆಯಲ್ಲಿ ನೀವು ಮೊಮ್ಮಕ್ಕಳು ನನ್ನ ಟ್ರಂಕು ಕೆದಕಿದಾಗ ಹಳೆಯ ಕುಂಕುಮದ ಭರಣಿಯೊಳಗೆ ಒಂದು ಸಣ್ಣ ಬಿಳಿ ಎಳೆ ಸಿಕ್ಕಿತು. ‘ಆಯಿ, ಇದ್ರಾಗ ಶಾವಿಗಿ ಯಾಕ ಇಟ್ಟೀ?’ ಎಂದು ನಕ್ಕಿರಿ. ಅದು ಶಾವಿಗೆಯಲ್ಲ. ಮನುಷ್ಯರ ಕಣ್ಣಿನೊಳಗೆ ಹಾಕುವ ನಳಿಕೆಯನ್ನು ಕತ್ತರಿಸಿದಾಗ ಉಳಿದ ತುದಿ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ತೂತು ಕಾಣುತ್ತದೆ. ಅಂದು ನಿಮಗೆ ಹೇಳಲು ಬಾಯಿ ಬರಲಿಲ್ಲ. ಎದುರು ಕೂತವರಿಗೆ ಹೇಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹಳಿಯಾಳದ ಒಂದು ಸಣ್ಣ ಕಣ್ಣಿನ ದವಾಖಾನೆಯಲ್ಲಿ ವಾರ್ಡಿನ ಕೆಲಸಕ್ಕೆ ಸೇರಿದ್ದು ನಿಮಗೆ ಗೊತ್ತು. ನೆಲ ಒರೆಸುವುದರಿಂದ ಶುರುವಾಗಿ, ಕಣ್ಣಿಗೆ ಹನಿ ಹಾಕುವುದು, ಪಟ್ಟಿ ಬಿಚ್ಚುವುದು, ಆಪರೇಶನ್ ಕೋಣೆಯಲ್ಲಿ ಬೇಕಾದ್ದನ್ನು ತಂದುಕೊಡುವುದು, ಇಷ್ಟರವರೆಗೆ ಕಲಿತಿದ್ದೆ. ಏಳನೆಯ ಇಯತ್ತೆ ಓದಿದ್ದರಿಂದ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ಹೋಗುವ ರೋಗಿಗಳಿಗೆ ಡಾಕ್ಟರು ಬರೆದ ಚೀಟಿಯನ್ನು ಓದಿ, ಅವರ ಮಾತಿನಲ್ಲಿ ತಿಳಿಸಿ ಹೇಳುವುದು. ಡಾಕ್ಟರು ಕಾರವಾರದ ಕಡೆಯವರು. ಮಂಗಳವಾರ ಮತ್ತು ಶುಕ್ರವಾರ ಹುಬ್ಬಳ್ಳಿಯಿಂದ ಬರುತ್ತಿದ್ದರು. ಉಳಿದ ದಿನ ದವಾಖಾನೆಯಲ್ಲಿ ಸಿಸ್ಟರು ಮತ್ತು ನಾನು.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ದಾಟಿದ ಹೊಸತರ ಮಾತು. ಆ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬ ಮುದುಕಿಯನ್ನು ಅವರ ಸೊಸೆ ಕೈಹಿಡಿದು ಕರೆತಂದಳು. ಅಯ್ಯನವರ, ಅಂದರೆ ಜಂಗಮರ ಮನೆತನದವರು. ಊರಿನ ಜನ ಅವರ ಕೈಯಿಂದ ವಿಭೂತಿ ಇಸಿದುಕೊಂಡು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ನಮ್ಮದು ಒಕ್ಕಲುತನದ ಮನೆ. ಅಂಥವರು ಎದುರಾದರೆ ಕಾಲು ಮುಟ್ಟಿ ನಮಸ್ಕಾರ ಮಾಡುವುದು ನಮಗೆ ನಡಿಗೆಯಷ್ಟೇ ರೂಢಿ. ನಾನು ವಾರ್ಡಿನಲ್ಲೇ ಬಗ್ಗಿ ನಮಸ್ಕಾರ ಮಾಡಿದೆ. ಅವರನ್ನು ಎಲ್ಲರೂ ಅಮ್ಮಾರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅಮ್ಮಾರ ಎಡಗಣ್ಣು ಪೂರ್ತಿ ಹೋಗಿತ್ತು. ನಮ್ಮ ಕಡೆ ಕಾಚಬಿಂದು ಅನ್ನುತ್ತಾರಲ್ಲ, ಅದು. ಕಣ್ಣಿನೊಳಗೆ ಸದಾ ನೀರು ಹುಟ್ಟುತ್ತಿರುತ್ತದೆ, ಹುಟ್ಟಿದ ನೀರು ಹರಿದು ಹೋಗಬೇಕು. ಹರಿಯುವ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಹಿಂದಿನ ನರ ಒಣಗುತ್ತ ಹೋಗುತ್ತದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಬಲಗಣ್ಣಿಗೂ ಅದೇ ರೋಗ. ಎರಡು ವರ್ಷದ ಹಿಂದೆ ಬೇರೆಲ್ಲೋ ಒಂದು ಆಪರೇಶನ್ ಆಗಿ, ಆ ದಾರಿಯೂ ಮುಚ್ಚಿಕೊಂಡಿತ್ತು. ಹನಿಗಳಿಂದ ಒತ್ತಡ ಇಳಿಯುತ್ತಿರಲಿಲ್ಲ.

‘ಎಷ್ಟು ಕಾಣಿಸ್ತದೆ ಅಜ್ಜಿ?’ ಎಂದು ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿದರು.

‘ನಂಗ ಅಕ್ಷರ ಬರೂದಿಲ್ರಿ. ಆದ್ರ ಲಿಂಗದಾಗ ದೀಪದ ಚುಕ್ಕಿ ಕಾಣತೈತಿ,’ ಎಂದರು ಅಮ್ಮಾರು.

ಡಾಕ್ಟರಿಗೆ ತಿಳಿಯಲಿಲ್ಲ. ನಾನು ಹೇಳಬೇಕಾಯಿತು. ಪೂಜೆಗೆ ಕೂತಾಗ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಎವೆ ಮಿಟುಕಿಸದೆ ನೋಡುತ್ತಾರೆ. ಲಿಂಗ ಕರ್ರಗೆ, ನುಣ್ಣಗೆ ಇರುತ್ತದೆ. ಪಕ್ಕದ ದೀಪ ಅದರ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕಿಯಾಗಿ ಹೊಳೆಯುತ್ತದೆ. ಅಮ್ಮಾರು ತಮ್ಮ ಕಣ್ಣನ್ನು ಅಳೆಯುತ್ತಿದ್ದುದು ಅದರಿಂದ. ಡಾಕ್ಟರು ತಮ್ಮ ಕಾಗದದಲ್ಲಿ ಅದನ್ನೂ ಬರೆದುಕೊಂಡರು.

ಉಳಿದ ಒಂದು ಕಣ್ಣಿಗೆ ನಳಿಕೆ ಹಾಕುವುದೆಂದು ತೀರ್ಮಾನವಾಯಿತು. ಹುಬ್ಬಳ್ಳಿಯಲ್ಲಿ ಅವರು ಎಷ್ಟೋ ಹಾಕಿದ್ದರು, ನಮ್ಮ ದವಾಖಾನೆಯಲ್ಲಿ ಅದು ಮೊದಲನೆಯದು. ಆಪರೇಶನ್ ಕೋಣೆಗೆ ಹೋಗುವಾಗ ಸಿಸ್ಟರು ಮೈಮೇಲಿನದನ್ನೆಲ್ಲ ತೆಗೆಸಿದರು. ಕೊರಳಿನಲ್ಲಿ ಇಷ್ಟಲಿಂಗ ಇಟ್ಟ ಕರಡಿಗೆಗೆ ಕೈ ಹಾಕಿದಾಗ ಅಮ್ಮಾರು ಅದನ್ನು ಮುಷ್ಟಿಯಲ್ಲಿ ಹಿಡಿದರು.

‘ಇದು ತಗಿಯೂದು ನಾ ಸತ್ತ ಮ್ಯಾಲೂ ಇಲ್ಲ. ನನ್ನ ಜೋಡೀನ ಮಣ್ಣಾಗ ಹೋಗತೈತಿ.’

ಡಾಕ್ಟರು ನೋಡಿ, ‘ಇರಲಿ, ಎದೆಯ ಮೇಲೆ ಶುದ್ಧ ಮಾಡಿದ ಬಟ್ಟೆಯಲ್ಲಿ ಸುತ್ತಿಬಿಡಿ,’ ಅಂದರು. ನಾನೇ ಸುತ್ತಿದೆ.

ನಳಿಕೆಯ ಡಬ್ಬಿ ಬಿಚ್ಚಿದಾಗ ನಾನು ಮೊದಲ ಸಲ ಅದನ್ನು ನೋಡಿದೆ. ಹುಣಸೆ ಬೀಜದಷ್ಟು ಅಗಲದ ತೆಳು ತಟ್ಟೆ, ಅದರಿಂದ ಹೊರಟ ಶಾವಿಗೆಯಂಥ ನಳಿಕೆ. ಮೊದಲು ಡಾಕ್ಟರು ಸಿರಿಂಜಿನಿಂದ ನಳಿಕೆಯ ಬಾಯಿಗೆ ಉಪ್ಪುನೀರು ತಳ್ಳಿದರು. ತಟ್ಟೆಯ ಮೇಲಿನ ಪುಟ್ಟ ಬಾಗಿಲು ತೆರೆದು ಒಂದು ಹನಿ ಹೊರಬಂತು. ‘ನೋಡಿದಿರಾ? ಇದನ್ನು ಮರೆತರೆ ಆ ಬಾಗಿಲು ಅಂಟಿಕೊಂಡೇ ಉಳಿಯುತ್ತದೆ,’ ಎಂದು ನಮಗೆ ತೋರಿಸಿದರು. ಆಮೇಲೆ ಕಣ್ಣಿನ ಮೇಲ್ಬದಿಯಲ್ಲಿ, ಕಿವಿಯ ಕಡೆಗೆ, ಹೊರಪದರ ಬಿಡಿಸಿ ತಟ್ಟೆಯನ್ನು ಹಿಂದಕ್ಕೆ ಸರಿಸಿ ಹೊಲಿದರು. ನಳಿಕೆಯನ್ನು ಅಳತೆಗೆ ಓರೆಯಾಗಿ ಕತ್ತರಿಸಿ, ಸೂಜಿಯಿಂದ ಮಾಡಿದ ದಾರಿಯಲ್ಲಿ ಕಣ್ಣಿನ ಮುಂದಿನ ಕೋಣೆಗೆ ಇಳಿಸಿದರು. ಬರಿ ನಳಿಕೆ ಮೇಲೆ ಬಂದು ಚುಚ್ಚಬಾರದೆಂದು, ಸತ್ತ ಮೇಲೆ ಕಣ್ಣು ದಾನ ಮಾಡಿದ ಯಾರದ್ದೋ ಕಣ್ಣಿನ ಬಿಳಿ ಪದರದ ತುಣುಕನ್ನು ಅದರ ಮೇಲೆ ಹೊದಿಸಿ, ಎಲ್ಲಕ್ಕೂ ಮೇಲೆ ಹೊರಪದರ ಎಳೆದು ಹೊಲಿದರು. ಕತ್ತರಿಸಿದ ತುದಿಯನ್ನು ನನ್ನ ಕೈಗೆ ಕೊಟ್ಟು, ‘ಇಟ್ಟುಕೊಳ್ಳಿ, ಮುಂದೆ ಬರುವ ರೋಗಿಗಳಿಗೆ ತೋರಿಸಲಿಕ್ಕೆ ಆಗ್ತದೆ,’ ಅಂದರು. ಭರಣಿಯಲ್ಲಿರುವುದು ಅದೇ.

ಮರುದಿನ ಅಮ್ಮಾರಿಗೆ ಎಲ್ಲ ತಿಳಿಸಿ ಹೇಳಿದೆ. ಅವರ ಸೊಸೆ ಬಾಯಿಯ ಮೇಲೆ ಸೆರಗು ಹಿಡಿದು, ‘ಅತ್ತಿ, ಯಾರದ್ದೋ ಕಣ್ಣಿನ ತ್ಯಾಪಿ ಹಾಕ್ಯಾರಂತ ನಿಮಗ. ಅವರು ಏನೇನ್ ನೋಡಿದ್ರೋ ಏನೋ!’ ಎಂದಳು.

‘ಯಾರದಾರ ಇರಲೇಳ. ನಿನ್ನ ಕಣ್ಣಿನ ತ್ಯಾಪಿ ಆಗಿದ್ರ ಬರೇ ಮಂದಿ ಮನಿ ಕಾಣತಿತ್ತು,’ ಎಂದರು ಅಮ್ಮಾರು. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಟಿಬೆಟನ್ ಕಾಲೊನಿಯಿಂದ ಬಂದಿದ್ದ ಒಬ್ಬ ಮುದುಕರು ಮಾತು ತಿಳಿಯದಿದ್ದರೂ ಎಲ್ಲರ ಜೊತೆ ನಕ್ಕರು.

ನಳಿಕೆಯ ಮೊದಲ ತೊಂದರೆ ಮೂರನೆಯ ದಿನ ಬಂತು. ಡಾಕ್ಟರು ನನಗೆ ಒಂದು ಪರೀಕ್ಷೆ ಕಲಿಸಿದ್ದರು. ಟಾರ್ಚನ್ನು ಕಿವಿಯ ಕಡೆಯಿಂದ ಓರೆಯಾಗಿ ಹಿಡಿಯಬೇಕು. ಕಣ್ಣಿನ ಮುಂದಿನ ಕೋಣೆ ಆಳವಾಗಿದ್ದರೆ ಕಪ್ಪು ಗುಡ್ಡೆಯ ಆಚೆ ಬದಿಯವರೆಗೂ ಬೆಳಕು ಹರಡುತ್ತದೆ. ಕೋಣೆ ಕುಗ್ಗಿದ್ದರೆ ಮೂಗಿನ ಕಡೆಯ ಅರ್ಧ ನೆರಳಾಗುತ್ತದೆ. ಆ ಮುಂಜಾನೆ ಅರ್ಧ ನೆರಳಾಗಿತ್ತು. ಇನ್ನೊಮ್ಮೆ ಹಿಡಿದೆ, ಹಾಗೇ ಇತ್ತು. ಸಿಸ್ಟರಿಗೆ ತೋರಿಸಿದೆ. ಅವರು ಹುಬ್ಬಳ್ಳಿಗೆ ಫೋನು ಮಾಡಿದರು. ತಮ್ಮ ವಾರ ಅಲ್ಲದಿದ್ದರೂ ಡಾಕ್ಟರು ಮಧ್ಯಾಹ್ನಕ್ಕೆ ಬಂದಿಳಿದರು.

ನೀರು ಹೆಚ್ಚು ಹರಿದು ಕಣ್ಣು ಮೆತ್ತಗಾಗಿತ್ತು. ಒತ್ತಡ ಏರಿದರೆ ಒಂದು ಅಪಾಯ, ತೀರ ಇಳಿದರೆ ಇನ್ನೊಂದು. ಒಳಗಿನ ಪದರ ಸಡಿಲಾಗಿ ನೀರು ತುಂಬಿಕೊಳ್ಳಬಹುದು, ಕೆಮ್ಮಿದರೆ, ತಿಣುಕಿದರೆ ರಕ್ತ ಇಳಿಯಬಹುದು. ಡಾಕ್ಟರು ಕಣ್ಣಿನ ಅಂಚಿನಿಂದ ಸಣ್ಣ ಸೂಜಿಯಲ್ಲಿ ಲೋಳೆಯಂಥ ಔಷಧ ತುಂಬಿ ಕೋಣೆಯನ್ನು ಮತ್ತೆ ಎತ್ತರಿಸಿದರು. ‘ಬಗ್ಗಬಾರದು. ಭಾರ ಎತ್ತಬಾರದು. ನೆಲಕ್ಕೆ ತಲೆ ಹಚ್ಚಿ ನಮಸ್ಕಾರ ಮಾಡಬಾರದು,’ ಅಂದರು. ಅಮ್ಮಾರು ಎಂಟು ದಿನ ಮಂಚದ ಮೇಲೆ ಕೂತೇ ಪೂಜೆ ಮಾಡಿದರು. ಕಣ್ಣಿನ ಮೇಲೆ ಕಾವಲಿಗೆ ಕಟ್ಟಿದ ಗುಳಿಯಾಕಾರದ ಮುಚ್ಚಳ ಇದ್ದುದರಿಂದ ವಿಭೂತಿಯನ್ನು ಹಣೆ, ಕೊರಳು, ತೋಳುಗಳಿಗಷ್ಟೇ ಹಚ್ಚಿಕೊಂಡರು. ಪೂಜೆ ಮುಗಿದ ಮೇಲೆ ದಿನವೂ ನನ್ನನ್ನು ಕರೆದು ಒಂದು ಚಿಟಿಕೆ ಕೊಡುತ್ತಿದ್ದರು.

‘ನೀ ನೋಡಿದ್ದಕ್ಕ ಉಳೀತು ಯವ್ವಾ ಈ ಕಣ್ಣು,’ ಎಂದು ಒಮ್ಮೆ ಅಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯ ಮಾತನ್ನು ಇಲ್ಲಿ ಬರೆಯುತ್ತಿರುವುದು, ಮುಂದಿನ ಮಾತು ಅದಕ್ಕೆ ಅಂಟಿಕೊಂಡಿದೆ ಎಂದು.

ಮನೆಗೆ ಕಳಿಸುವ ದಿನ ಬಂತು. ನಾನು ಚೀಟಿ ಓದಿದೆ. ಯಾವ ಹನಿ ಎಷ್ಟು ಸಲ, ತಲೆಗೆ ನೀರು ಯಾವಾಗ, ಹೊಗೆಯ ಒಲೆಯ ಮುಂದೆ ಕೂರಬಾರದು, ಕಣ್ಣು ಉಜ್ಜಿಕೊಳ್ಳಬಾರದು. ಸೊಸೆ ಹೂಂಗುಟ್ಟುತ್ತಿದ್ದಳು. ಓದಿ ಮುಗಿದ ಮೇಲೆ ಅಮ್ಮಾರು ಕೇಳಿದರು:

‘ವಿಭೂತಿ ಹಚ್ಚಿಕೊಳ್ಳಾಕ ಅಡ್ಡಿ ಇಲ್ಲಲ್ಲ?’

ಅವರ ಮನೆತನದಲ್ಲಿ ವಿಭೂತಿಯನ್ನು ಕಣ್ಣುರೆಪ್ಪೆಯ ಮೇಲೂ ಎಳೆದುಕೊಳ್ಳುತ್ತಾರೆ. ಮೂರು ಬೆರಳಿನಿಂದ, ಒಣ ವಿಭೂತಿಯನ್ನು, ಒತ್ತಿ. ನನಗೆ ಅದು ಗೊತ್ತಿತ್ತು. ನಮ್ಮೂರ ಅಯ್ಯನವರ ಮನೆಯಲ್ಲಿ ಚಿಕ್ಕಂದಿನಿಂದ ನೋಡಿದ್ದೆ. ಡಾಕ್ಟರು ಹತ್ತು ಹೆಜ್ಜೆ ದೂರದಲ್ಲಿ, ಬೇರೆ ರೋಗಿಯ ಮುಂದೆ ಕೂತಿದ್ದರು. ಎದ್ದು ಹೋಗಿ ಕೇಳಬಹುದಿತ್ತು. ಅಷ್ಟು ಮಂದಿಯ ನಡುವೆ ಕೇಳಲು ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ದಿನವೂ ನನ್ನ ಹಣೆಗೆ ವಿಭೂತಿ ಕೊಟ್ಟ ಕೈಗೆ, ನೀನು ಹಚ್ಚಿಕೊಳ್ಳಬೇಡ ಅನ್ನುವುದು ಹೇಗೆ?

‘ಅಡ್ಡಿ ಇಲ್ರಿ ಅಮ್ಮಾರ,’ ಅಂದೆ.

ಒಂದೂವರೆ ತಿಂಗಳಿಗೆ ಬಂದಾಗ ಒತ್ತಡ ಮತ್ತೆ ಏರಿತ್ತು. ತಟ್ಟೆಯ ಸುತ್ತ ಮೈ ತಾನೇ ಒಂದು ಪರೆ ಕಟ್ಟಿಕೊಳ್ಳುತ್ತದೆ, ಮೊದಮೊದಲು ಅದು ದಪ್ಪವಾಗಿ ನೀರು ಬಿಡುವುದಿಲ್ಲ, ಇದು ಎಣಿಸಿದ್ದೇ ಎಂದು ಡಾಕ್ಟರು ಹನಿ ಕೊಟ್ಟರು. ಎರಡು ತಿಂಗಳಲ್ಲಿ ಒತ್ತಡ ತಾನಾಗಿ ಹಾದಿಗೆ ಬಂತು. ಯುಗಾದಿಗೆ ಬಂದಾಗ ಅಮ್ಮಾರು ಬಾಗಿಲಲ್ಲೇ ಹೇಳಿದರು, ‘ಚುಕ್ಕಿ ಸ್ವಚ್ಛ ಐತಿ.’ ಡಾಕ್ಟರು ದೀಪದ ಯಂತ್ರದ ಮುಂದೆ ಕೂರಿಸಿ ರೆಪ್ಪೆ ಎತ್ತಿ ನೋಡಿದರು. ನಳಿಕೆಯ ಮೇಲಿನ ಪದರ ಸ್ವಲ್ಪ ತೆಳುವಾಗಿದೆ, ಮುಂದಿನ ತಿಂಗಳು ತಪ್ಪದೆ ಬರಬೇಕು ಎಂದರು. ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಪದರ ಯಾಕೆ ತೆಳುವಾಯಿತು ಎಂದು ಡಾಕ್ಟರು ತಮ್ಮಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಆಗ ನನಗೆ ವಿಭೂತಿಯ ನೆನಪೇ ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನೆನಪು ಬಂದಿತ್ತು.

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ, ಮಳೆಗಾಲ ಹಿಡಿದ ಮೇಲೂ ಇಲ್ಲ. ನಾಟಿ ಶುರುವಾಗಿ ಕರೆತರುವವರಿಲ್ಲ ಎಂದು ಯಾರೋ ಹೇಳಿದರು. ಹೇಳಿದ ದಿನ ಬಾರದ ರೋಗಿಗಳ ಮನೆಗೆ ಹೋಗಿ ನೋಡಿ ಬರುವುದೂ ನನ್ನ ಕೆಲಸವಾಗಿತ್ತು. ಕುಂಬಾರವಾಡದಂಥ ದೂರದ ಊರಿಗೆ ಹೋದರೆ ಅದೇ ದಿನ ತಿರುಗಿ ಬರುವ ಬಸ್ಸು ಸಿಗುವ ಖಾತ್ರಿ ಇರಲಿಲ್ಲ. ಅಮ್ಮಾರ ಊರು ಹತ್ತಿರದ್ದು, ಬಸ್ಸಿನಲ್ಲಿ ಒಂದು ತಾಸು, ಆಮೇಲೆ ಅರ್ಧ ತಾಸು ನಡಿಗೆ. ಶ್ರಾವಣದ ಒಂದು ಬುಧವಾರ ಮುಂಜಾನೆಯ ಬಸ್ಸಿಗೆ ಹೋದೆ.

ಮನೆ ಮುಟ್ಟಿದಾಗ ಅಮ್ಮಾರು ಪೂಜೆಗೆ ಕೂತಿದ್ದರು. ಸೊಸೆ ತುಟಿಯ ಮೇಲೆ ಬೆರಳಿಟ್ಟು ಕೂರಲು ಹೇಳಿದಳು. ‘ಶ್ರಾವಣ ಅಲ್ಲಾ? ದಿನಾ ಮೂರು ಹೊತ್ತು ಪೂಜಿ. ನಮಗ ಒಂದ ಹೊತ್ತು ರೊಟ್ಟಿ ಬಡಿಯೂದು ತಪ್ಪಿದ್ರ ಬೈತಾರ, ತಾವು ಮೂರು ಹೊತ್ತು ಉಪಾಸ,’ ಎಂದು ಪಿಸುಗುಟ್ಟಿದಳು. ನಾನು ಗೋಡೆಗೆ ಒರಗಿ ಕೂತು ನೋಡಿದೆ. ಅಮ್ಮಾರು ವಿಭೂತಿಯ ಗಟ್ಟಿಯ ಮೇಲೆ ಮೂರು ಬೆರಳು ತೀಡಿದರು. ಹಣೆಯ ಮೇಲೆ ಎಳೆದುಕೊಂಡರು. ಆಮೇಲೆ ಕಣ್ಣು ಮುಚ್ಚಿ, ಎಡಗಣ್ಣಿನ ರೆಪ್ಪೆ, ಬಲಗಣ್ಣಿನ ರೆಪ್ಪೆ. ಬೆರಳು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಸಾಗಿ, ನಳಿಕೆ ಇದ್ದ ಜಾಗದಲ್ಲಿ ನಿಂತು, ಮುಂದೆ ಹೋಯಿತು. ದಿನಕ್ಕೆ ಮೂರು ಹೊತ್ತು.

ಪೂಜೆ ಮುಗಿದ ಮೇಲೆ ಬೆಳಕಿನಲ್ಲಿ ಕೂರಿಸಿ, ಕೈ ತೊಳೆದುಕೊಂಡು, ಕೆಳಗೆ ನೋಡಲು ಹೇಳಿ ರೆಪ್ಪೆ ಎತ್ತಿದೆ. ಕೆಂಪು ಹೆಚ್ಚಿರಲಿಲ್ಲ. ಬಿಳಿಯ ಮೇಲೆ, ಕಪ್ಪು ಗುಡ್ಡೆಯ ಅಂಚಿಗೆ ಹತ್ತಿರ, ಅಕ್ಕಿಯ ನುಚ್ಚಿನಷ್ಟು ಉದ್ದಕ್ಕೆ ನಳಿಕೆ ಬರಿದಾಗಿ ಮಿಂಚುತ್ತಿತ್ತು. ಹೊದಿಸಿದ ತೇಪೆ ಸವೆದುಹೋಗಿತ್ತು. ಅದರ ಬದಿಗೆ ಒಂದು ಬೂದು ಬಣ್ಣದ ಕಣ ಅಂಟಿಕೊಂಡಿತ್ತು. ನಳಿಕೆಯ ಒಂದು ಬಾಯಿ ಕಣ್ಣಿನೊಳಗೆ. ಹೊರಗಿನದು ಒಳಗೆ ಹೋಗಲು ಈಗ ದಾರಿ ತೆರೆದಿತ್ತು.

‘ಅಮ್ಮಾರ, ಚುಕ್ಕಿ ಹೆಂಗೈತ್ರಿ?’

‘ಎರಡು ದಿನಾ ಆತು. ಹೊಗಿ ಹಿಡಿದಂಗ ಐತಿ. ಮಳಿಗಾಲದ ಮಬ್ಬು ಅಂತ ಸುಮ್ನಿದ್ದೆ.’

‘ಹುಬ್ಬಳ್ಳಿಗೆ ಹೋಗೂಣು ನಡೀರಿ. ಈಗ.’

‘ಈಗ? ಶ್ರಾವಣ ಮುಗೀಲಿ. ದಿನಾ ಮಂದಿ ಬರತಾರ. ನಾ ಮನಿ ಬಿಟ್ರ ಹೆಂಗ?’

‘ಶುಕ್ರವಾರ ಡಾಕ್ಟ್ರು ಹಳಿಯಾಳಕ್ಕ ಬರತಾರಲ್ಲ, ಆವಾಗ ಬರತೇವಿ,’ ಎಂದಳು ಸೊಸೆ.

ಶುಕ್ರವಾರಕ್ಕೆ ಎರಡು ದಿನ. ಕಣ್ಣಿನೊಳಗೆ ಕೀವು ತುಂಬಲು ಎರಡು ದಿನ ಬೇಡ ಎಂಬುದನ್ನು ನಾನು ವಾರ್ಡಿನಲ್ಲಿ ನೋಡಿದ್ದೆ. ಹಾಗೆ ಹೇಳಿದೆ. ಅಮ್ಮಾರು ಹಟದಿಂದ ತಲೆ ಅಲ್ಲಾಡಿಸಿದರು. ನನ್ನ ಮಾತಿಗೆ ತೂಕ ಇರಲಿಲ್ಲ, ಯಾಕೆಂದರೆ ಮುಖ್ಯವಾದ ಮಾತನ್ನು ನಾನು ಇನ್ನೂ ಆಡಿರಲಿಲ್ಲ. ನೆಲ ನೋಡುತ್ತ ಹೇಳಿದೆ:

‘ಅಮ್ಮಾರ, ಮನೀಗೆ ಹೋಗೂ ದಿನ ನೀವು ಕೇಳಿದ್ರಿ, ವಿಭೂತಿಗೆ ಅಡ್ಡಿ ಇಲ್ಲಲ್ಲ ಅಂತ. ಅಡ್ಡಿ ಇಲ್ಲ ಅಂದಾಕಿ ನಾನು. ಡಾಕ್ಟ್ರನ್ನ ಕೇಳಿರಲಿಲ್ಲ. ಆ ಬೆರಳ ಒತ್ತಿಗೇ ಮ್ಯಾಲಿನ ತ್ಯಾಪಿ ಹರದೈತಿ.’

‘ನೀ ಕೇಳಿದ್ರ ಅವರು ಏನಂತಿದ್ರು?’

‘ಕಣ್ಣಿಗೆ ಬ್ಯಾಡ ಅಂತಿದ್ರು.’

‘ಅದಕ್ಕ ಕೇಳಲಿಲ್ಲ ನೀ.’

‘ಹೌದ್ರಿ.’

ಅವರು ನನ್ನನ್ನು ಆ ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಎಷ್ಟು ಕಂಡಿತೋ ಗೊತ್ತಿಲ್ಲ. ಆಮೇಲೆ ಸೊಸೆಗೆ, ‘ನನ್ನ ಇನ್ನೊಂದು ಸೀರಿ ಚೀಲದಾಗ ಹಾಕು. ವಿಭೂತಿ ಬಂದವರಿಗೆ ನೀನ ಕೊಡು. ಕೈ ನಡುಗಿಸಬ್ಯಾಡ,’ ಎಂದು ಎದ್ದರು.

ಹಳಿಯಾಳದಲ್ಲಿ ಇಳಿದು ಬೂತಿನಿಂದ ಸಿಸ್ಟರಿಗೆ ಫೋನು ಮಾಡಿ ಹೇಳಿದೆ. ಧಾರವಾಡದ ಮೇಲೆ ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಅಮ್ಮಾರು ನನ್ನ ತೋಳು ಹಿಡಿಯುತ್ತಿದ್ದರು.

ಅಲ್ಲಿನ ದವಾಖಾನೆಯ ಕೋಣೆಯಲ್ಲಿ ಹತ್ತಾರು ರೋಗಿಗಳು, ಕಲಿಯುವ ನಾಲ್ಕು ಮಂದಿ ಡಾಕ್ಟರು. ನಮ್ಮ ಡಾಕ್ಟರು ಹಳದಿ ಬಣ್ಣದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರು. ನೀರು ಸೋರಿದರೆ ಆ ಹಳದಿಯಲ್ಲಿ ಕಪ್ಪು ಗೆರೆ ಹರಿಯುತ್ತದೆ. ಸೋರಿಕೆ ಇರಲಿಲ್ಲ. ಆದರೆ ಮುಂದಿನ ಕೋಣೆಯ ನೀರಿನಲ್ಲಿ, ಬಿಸಿಲುಕೋಲಿನ ಧೂಳಿನಂತೆ, ಕಣಗಳು ತೇಲುತ್ತಿದ್ದವು. ಸೋಂಕು ಒಳಗೆ ಕಾಲಿಟ್ಟಿತ್ತು, ಹಿಂದಿನ ಕೋಣೆಗೆ ಇನ್ನೂ ಇಳಿದಿರಲಿಲ್ಲ.

‘ಕಣ್ಣು ಉಜ್ಜಿಕೊಳ್ಳುತ್ತಿದ್ದಿರಾ ಅಜ್ಜಿ?’

‘ಇಲ್ರಿ.’

‘ತುರಿಕೆ? ನಿದ್ದೆಯಲ್ಲಿ ಗೊತ್ತಿಲ್ಲದೆ?’

‘ಇಲ್ರಿ. ಕಣ್ಣಿಗೆ ಕೈ ಹಚ್ಚಿಲ್ಲ ನಾನು.’

ಅಮ್ಮಾರು ಸುಳ್ಳು ಹೇಳುತ್ತಿರಲಿಲ್ಲ. ಪೂಜೆಯ ಬೆರಳು ಅವರ ಲೆಕ್ಕದಲ್ಲಿ ಕೈ ಹಚ್ಚಿದಂತೆ ಅಲ್ಲವೇ ಅಲ್ಲ. ಬಸ್ಸಿನಲ್ಲಿ ನನ್ನ ಮಾತನ್ನು ಮೆಲುಕು ಹಾಕಿದ್ದರೂ, ಡಾಕ್ಟರು ಕೇಳಿದ್ದಕ್ಕೂ ಅದಕ್ಕೂ ಅವರು ಗಂಟು ಹಾಕಿಕೊಂಡಿರಲಿಲ್ಲ. ಡಾಕ್ಟರು ಕಲಿಯುವವರ ಕಡೆ ತಿರುಗಿ, ಕಾರಣ ತಿಳಿಯದಿದ್ದರೂ ಇಂಥ ಕಡೆ ಹೊಸ ತೇಪೆ ಹೊದಿಸಿ ಹೊಲಿಯುತ್ತೇವೆ ಎಂದು ವಿವರಿಸತೊಡಗಿದರು. ಅವರು ಕಾಗದದ ಮೇಲೆ ಪೆನ್ನು ಊರಿದರು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನನ್ನ ಕೆಲಸಕ್ಕೂ ಧಕ್ಕೆ ಇರುತ್ತಿರಲಿಲ್ಲ.

‘ಸರ್, ಕಾರಣ ನನಗ ಗೊತ್ತೈತ್ರಿ,’ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ‘ಏನು?’ ಅಂದರು. ಎಲ್ಲರೂ ತಿರುಗಿದರು. ಎರಡನೆಯ ಸಲ ಜೋರಾಗಿ ಹೇಳಿದೆ. ಹೇಳುವುದರ ಜೊತೆಗೆ ಮೂರು ಬೆರಳಿನಿಂದ ನನ್ನ ರೆಪ್ಪೆಯ ಮೇಲೆ ಎಳೆದು ತೋರಿಸಿದೆ. ಅಡ್ಡಿ ಇಲ್ಲ ಎಂದು ಹೇಳಿದ್ದು ನಾನೇ, ತಮ್ಮನ್ನು ಕೇಳಲಿಲ್ಲ ಎಂದೂ ಹೇಳಿದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮಾರಿಗೆ ಕಣ್ಣು ಮುಚ್ಚಿ ದಿನದಂತೆ ಬೆರಳು ಎಳೆದು ತೋರಿಸಲು ಹೇಳಿದರು, ಗಾಳಿಯಲ್ಲಿ, ರೆಪ್ಪೆಗೆ ತಾಗದಂತೆ. ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡರು. ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ಆ ಜಾಗಕ್ಕೆ ಗುರುತು ಹಾಕಿದರು.

‘ನೀವು ಹೇಳದಿದ್ದರೆ ಅದೇ ಜಾಗದಲ್ಲಿ ಇನ್ನೊಂದು ತೇಪೆ ಹಾಕಿ ಕಳಿಸುತ್ತಿದ್ದೆ. ಆರು ತಿಂಗಳಲ್ಲಿ ಅದೂ ಹರಿಯುತ್ತಿತ್ತು,’ ಅಂದರು. ಆಮೇಲೆ, ‘ನಾನೂ ಕೇಳಲಿಲ್ಲ. ಲಿಂಗದ ಚುಕ್ಕಿ ಬರೆದುಕೊಂಡೆ, ಪೂಜೆ ಹೇಗೆ ಮಾಡುತ್ತೀರಿ ಎಂದು ಕೇಳಲಿಲ್ಲ,’ ಅಂದರು.

ಮೊದಲು ಕಣ್ಣಿನ ನೀರಿನ ಒಂದು ಹನಿ ಪರೀಕ್ಷೆಗೆ ತೆಗೆದು, ಔಷಧದ ಸೂಜಿ ಹಾಕಿದರು. ತಾಸಿಗೊಮ್ಮೆ ಹನಿ. ನಾನು ಸಿಸ್ಟರಿಗೆ ಹೇಳಿ ಅಲ್ಲೇ ಉಳಿದೆ. ಮೂರನೆಯ ದಿನಕ್ಕೆ ಕಣಗಳು ಕಡಿಮೆಯಾದವು. ಆಮೇಲೆ ಎರಡನೆಯ ಆಪರೇಶನ್. ನಳಿಕೆಯನ್ನು ಹಳೆಯ ತೂತಿನಿಂದ ಹೊರತೆಗೆದು, ಆ ತೂತು ಹೊಲಿದು, ಬೆರಳು ನಿಲ್ಲುತ್ತಿದ್ದ ಜಾಗದಿಂದ ದೂರ, ಇನ್ನೂ ಹಿಂದಿನಿಂದ, ಮೇಲಿನ ರೆಪ್ಪೆಯ ಆಳದಲ್ಲಿ ಹೊಸ ದಾರಿ ಮಾಡಿ ಒಳಗೆ ಇಳಿಸಿದರು. ಈ ಸಲದ ತೇಪೆ ದಪ್ಪನೆಯದು. ಮತ್ತೆ ಬರಿದಾದರೆ ಇಡೀ ತಟ್ಟೆಯನ್ನೇ ತೆಗೆಯಬೇಕಾಗುತ್ತದೆ, ಆಮೇಲೆ ಈ ಕಣ್ಣಿಗೆ ಹೆಚ್ಚು ದಾರಿ ಉಳಿದಿಲ್ಲ ಎಂದು ಡಾಕ್ಟರು ಅಮ್ಮಾರ ಕೈ ಹಿಡಿದು ಹೇಳಿದರು. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ, ಏನನ್ನೂ ಬಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ.

ಆ ದಿನದಿಂದ ಚೀಟಿ ಓದುವ ನನ್ನ ರೀತಿ ಬದಲಾಯಿತು. ಓದುವ ಮೊದಲು ಕೇಳುತ್ತಿದ್ದೆ: ಮುಂಜಾನೆ ಎದ್ದು ಮುಖಕ್ಕೆ ಏನು ಹಚ್ಚಿಕೊಳ್ಳುತ್ತೀರಿ, ದೇವರಿಗೆ ಹೇಗೆ ನಮಸ್ಕಾರ ಮಾಡುತ್ತೀರಿ, ಮಾಡಿ ತೋರಿಸಿ. ಸುರ್ಮಾ ಹಚ್ಚುವವರು ಸಿಕ್ಕರು. ಕಣ್ಣಿಗೆ ಜೇನು ಬಿಡುವ ಮುದುಕ ಸಿಕ್ಕ. ಟಿಬೆಟನ್ ಕಾಲೊನಿಯ ಒಬ್ಬ ತಾಯಿ ವಾರ್ಡಿನ ನೆಲದ ಮೇಲೆ ಉದ್ದಕ್ಕೆ ಮಲಗಿ ಎದ್ದು ತೋರಿಸಿದರು, ದಿನಕ್ಕೆ ನೂರೆಂಟು ಸಲ ಅಂತೆ. ಒಂದೊಂದನ್ನೂ ಎದ್ದು ಹೋಗಿ ಡಾಕ್ಟರನ್ನು ಕೇಳಿ ಬರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಮತ್ತೆ ಅಮ್ಮಾರ ಊರಿಗೆ ಹೋದೆ. ಅವರು ಪೂಜೆ ಮುಗಿಸಿ ಕೂತಿದ್ದರು. ಹಣೆಯ ಮೇಲೆ ನೀರಿನಲ್ಲಿ ಕಲಸಿದ ವಿಭೂತಿ, ಎರಡೂ ರೆಪ್ಪೆ ಬೋಳಾಗಿದ್ದವು. ಬಲಗಣ್ಣಿನ ರೆಪ್ಪೆ ಎತ್ತಿ ನೋಡಿದೆ. ನಳಿಕೆ ಎಲ್ಲೂ ಬರಿದಾಗಿರಲಿಲ್ಲ, ಮೇಲಿನ ಪದರ ದಪ್ಪಗಿತ್ತು.

‘ಚುಕ್ಕಿ, ಅಮ್ಮಾರ?’

‘ಚುಕ್ಕಿ ಹೋತು. ಆ ಸ್ವಚ್ಛ ಚುಕ್ಕಿ ಇನ್ನ ಬರೂದಿಲ್ಲ ಅಂತ ಕಾಣತೈತಿ.’ ನಾನು ತಲೆ ತಗ್ಗಿಸಿದೆ. ‘ಹಂಗ ಕುಂಡ್ರಬ್ಯಾಡ. ಅಲ್ಲಿ ಬೆಳಕು ಐತಿ. ಹಿಂಜಿದ ಹತ್ತಿ ಹಂಗ, ಅಂಚಿಲ್ಲದ್ದು. ಐತಿ ಅಂಬೂದು ತಿಳೀತೈತಿ. ಅಷ್ಟು ಸಾಕು, ಅದನ್ನ ನೋಡಕೋತ ಕುಂಡ್ರತೀನಿ.’

ಸೊಸೆ ಚಹಾ ತಂದಿಟ್ಟು, ‘ಮೊನ್ನೆ ನನ್ನ ಸೀರಿ ಬಣ್ಣ ಹೇಳಿ ಬೈದ್ರು. ಕಣ್ಣು ಬರೋಬರಿ ಐತಿ ಬಿಡ್ರಿ,’ ಎಂದಳು.

ನಾನು ಹೊರಡಲು ಎದ್ದಾಗ ಅಮ್ಮಾರು ಕೈ ಸನ್ನೆ ಮಾಡಿ ನಿಲ್ಲಿಸಿದರು. ಎಡಗಣ್ಣಿನ ಮೇಲೆ ಬೆರಳಿಟ್ಟರು, ಆ ಕಾಣದ ಕಣ್ಣಿನ ಮೇಲೆ.

‘ಯವ್ವಾ, ಎರಡೂ ರೆಪ್ಪಿ ಬೋಳ ಬಿಟ್ಟೇನಿ. ಇದಕ್ಕ ನಳಿಗಿ ಇಲ್ಲ, ಏನೂ ಇಲ್ಲ. ಇದಕ್ಕರ ವಿಭೂತಿ ಹಚ್ಚಿಕೊಳ್ಳಾಕ ಅಡ್ಡಿ ಇಲ್ಲಲ್ಲ?’

ನನಗೆ ಉತ್ತರ ಗೊತ್ತಿದೆ ಅನ್ನಿಸಿತು. ಬಾಯಿ ತೆರೆದೆ. ಅವರ ತುಟಿಯ ಅಂಚಿನಲ್ಲಿ ನಗು ಇತ್ತು.

‘ಈ ಸಲ ಕೇಳಿ ಹೇಳು,’ ಎಂದರು.

ಶುಕ್ರವಾರ ಡಾಕ್ಟರು ಬಂದಾಗ ಹೊರಗಿನ ಬೆಂಚುಗಳು ತುಂಬಿದ್ದವು, ಅಂಬಿಕಾನಗರದಿಂದ ಒಂದು ಜೀಪಿನಷ್ಟು ಮಂದಿ ಬಂದಿದ್ದರು. ಅವರೆಲ್ಲರ ಮುಂದೆ ಹೋಗಿ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಯೋಚಿಸಿದರು. ಬೆರಳು ತೊಳೆದುಕೊಂಡು, ನೀರಿನಲ್ಲಿ ಕಲಸಿ, ಒತ್ತದೆ, ಆ ಕಣ್ಣಿಗೆ ಮಾತ್ರ ಎಂದರು.

ಮುಂದಿನ ಬುಧವಾರ ಬಸ್ಸು ಹತ್ತಿ ಹೋಗಿ, ಅಮ್ಮಾರ ಕಾಲು ಮುಟ್ಟಿ, ಆ ನಾಲ್ಕೂ ಮಾತನ್ನು ಒಂದೂ ಬಿಡದೆ ಹೇಳಿದೆ. ಆಮೇಲೆ ಅಂದೆ:

‘ಅಡ್ಡಿ ಇಲ್ರಿ ಅಮ್ಮಾರ.’